ಬಿಟ್ಟಾಗ ಓಡಬೇಕಾದ ಸಾಲು

ಸ್ವಲ್ಪ ಜರುಗಿ ಕೂತ್ಕೊಳ್ಳಿ, ಹೀರೋ ಬರ್ತಿದ್ದಾನೆ. ಒಂದೇ ಏಟಿಗೆ ಹತ್ತು ಜನಾನ ಗಾಳೀಲಿ ತೂರೋ ಹೀರೋಗಳನ್ನ ನೀವು ಬೇಕಾದಷ್ಟು ನೋಡಿರ್ತೀರಾ. ಸ್ವಾಧೀನ ತಪ್ಪಿದ ಕೈಗೆ ಮೂವತ್ತು ಸಾಲು ಪ್ರೋಗ್ರಾಂ ಬರೆದು ಜೀವ ತರಿಸಿದೋನನ್ನ ನೋಡಿದ್ದೀರಾ? ಡಾಕ್ಟ್ರ ಕೈಲಿ ಆಗ್ದಿದ್ದು, ಎಣ್ಣೆ ತಿಕ್ಕೋರ ಕೈಲಿ ಆಗ್ದಿದ್ದು, ದೇವ್ರು ಕೂಡ "ತಡಿ, ನೋಡೋಣ" ಅಂತ ಫೈಲ್ ಪಕ್ಕಕ್ಕಿಟ್ಟಿದ್ದನ್ನ ಮತ್ತಿಕೆರೆ ಹುಡುಗ ಒಬ್ಬ ಹಳೇ ಲ್ಯಾಪ್‌ಟಾಪಲ್ಲಿ ಮಾಡಿ ತೋರಿಸ್ದ. ಹೆಸರು ಬರ್ಕೊಳ್ಳಿ: ಶರತ್. ಬಿಸಿಎ ಎರಡನೇ ವರ್ಷ. ಹಾಜರಿ ಅರವತ್ತೆರಡು ಪರ್ಸೆಂಟು, ಬಿಲ್ಡಪ್ಪು ನೂರಾ ಹತ್ತು.

ಇವನ ಅಪ್ಪ ಬಾಲರಾಜ್ ಲೇಡೀಸ್ ಟೈಲರ್. ಮೆಡಿಕಲ್ ಸ್ಟೋರ್ ಮೇಲೆ ಅಂಗಡಿ, ಅಂಗಡಿ ಹಿಂದೇನೇ ಮನೆ. ಬಾಲರಾಜ್ ಬ್ಲೌಸ್ ಕಟಿಂಗ್ ಅಂದ್ರೆ ಆರ್.ಟಿ. ನಗರದಿಂದ, ಯಲಹಂಕದಿಂದ ಹೆಂಗಸ್ರು ಬಸ್ ಹತ್ಕೊಂಡು ಬರೋರು. ಹೊಲಿಯೋದು ಅಮೀನಾ. ಹದಿನಾಲ್ಕು ವರ್ಷದಿಂದ ಅದೇ ಮೆಷಿನ್ನು, ಅದೇ ಸ್ಟೂಲು. ಅವಳಿಗೂ ಕಟಿಂಗ್ ಗೊತ್ತು, ಆದ್ರೆ ಆ ಅಂಗಡೀಲಿ ಕತ್ತರಿ ಮುಟ್ಟೋದು ಮಾಸ್ಟ್ರು ಒಬ್ರೇ. "ಹೊಲಿಗೆ ತಪ್ಪಾದ್ರೆ ಬಿಚ್ಬಹುದು ಅಮೀನಮ್ಮ, ಕತ್ತರಿ ತಪ್ಪಾದ್ರೆ ಏನ್ ಬಿಚ್ತೀಯಾ" ಅನ್ನೋದು ಬಾಲರಾಜ್ ಡೈಲಾಗು. ಶರತ್ ಇದಕ್ಕೆ ಹಿಂದ್ಗಡೆಯಿಂದ ಬಾಯಲ್ಲೇ ಡಂ ಡಂ ಅಂತ ಮ್ಯೂಸಿಕ್ ಕೊಡೋನು, ಅಮೀನಾ ಹಲ್ಲಲ್ಲಿ ದಾರ ಕಚ್ಕೊಂಡು ನಗೋಳು.

ಯುಗಾದಿ ಆದ ಮೂರನೇ ವಾರ, ಚಾಕ್ ಹಿಡಿದು ತೋಳಿನ ಗೆರೆ ಎಳೀತಿದ್ದ ಬಾಲರಾಜ್ ಕೈ ಅರ್ಧ ಗೆರೇಲೇ ನಿಂತೋಯ್ತು. ಸ್ಟ್ರೋಕು. ಆಸ್ಪತ್ರೆಯಿಂದ ಬಂದಾಗ ಮಾತು ಇತ್ತು, ಕಾಲು ಇತ್ತು. ಬಲಗೈ ಮಾತ್ರ ಬೇರೆ ಯಾರ್ದೋ ಕೈ ತರ ಆಗೋಗಿತ್ತು. ಬೆರಳು ಮಡಚ್ಕೊಳ್ಳೋವು, ಲೋಟ ಹಿಡ್ಕೊಳ್ಳೋವು, ಎರಡು ಸೆಕೆಂಡ್ ಆದ್ಮೇಲೆ ಯಾರೂ ಹೇಳ್ದೆ ಕೇಳ್ದೆ ಬಿಟ್ಬಿಡೋವು.

ಹೆಬ್ಬಾಳದಲ್ಲಿ ಫಿಸಿಯೋಥೆರಪಿ ಮಾಡೋ ಸಂಹಿತಾ ಮೇಡಂ ನೇರವಾಗೇ ಹೇಳಿದ್ರು. "ಅಂಕಲ್, ಕೈ ಬರುತ್ತೆ, ಬರಲ್ಲ ಅಂತ ನಾನ್ ಹೇಳಕ್ಕಾಗಲ್ಲ. ಆದ್ರೆ ಬರೋದಿದ್ರೆ ಈ ಐದಾರು ತಿಂಗಳಲ್ಲೇ ಜಾಸ್ತಿ ಬರೋದು. ವಾರಕ್ಕೆ ಮೂರು ದಿನ ಇಲ್ಲಿ, ಮನೇಲಿ ದಿನಾ. ತಪ್ಪಿಸ್ಬೇಡಿ."

"ಕತ್ತರಿ ಹಿಡೀಬಹುದಾ ಮೇಡಂ?"

"ಮೊದ್ಲು ಈ ಚೆಂಡು ಹಿಡೀರಿ."

ರಬ್ಬರ್ ಚೆಂಡನ್ನ ಬಾಲರಾಜ್ ಒಂದು ವಾರ ಹಿಡಿದ್ರು. ಆಮೇಲೆ ಅದು ಮಂಚದ ಕೆಳಗೆ ಉರುಳ್ತು. ಶರತ್ ಅಮ್ಮ ಪಂಕಜಾ ಎತ್ತಿ ಕೊಟ್ರೆ, "ನಾಯಿಗೆ ಎಸೆಯೋದನ್ನ ನನ್ನ ಕೈಗ್ ಕೊಡ್ತೀಯಲ್ಲೇ" ಅನ್ನೋರು.

ಹೀರೋ ಎಂಟ್ರಿ ಕೊಟ್ಟಿದ್ದು ಆಗ.

ಕಾಲೇಜಲ್ಲಿ ಆ ಸೆಮಿಸ್ಟರ್ ಗ್ರಾಫಿಕ್ಸ್ ಶುರುವಾಗಿತ್ತು. ಲ್ಯಾಬಲ್ಲಿ ಬೇರೆಯವರ ಮೌಸ್ ಕೆಳಗೆ ಸ್ಟಿಕ್ಕರ್ ಅಂಟಿಸಿ, ಅದು ಓಡ್ದೇ ಇದ್ದಾಗ ಅವರು ಟೇಬಲ್‌ಗೆ ಕುಟ್ಟೋದನ್ನ ನೋಡಿ ಮಜಾ ತಗೊಳ್ಳೋದು ಶರತ್ ಅಲ್ಲೀವರೆಗೂ ಮಾಡಿದ್ದ ಒಂದೇ ಪ್ರಾಕ್ಟಿಕಲ್ಲು. ಆ ದಿನ ಮಾತ್ರ ಕಿವಿ ಕೊಟ್ಟು ಕೇಳ್ದ. ಮೌಸಲ್ಲಿ ಎಳೆಯೋದು ಅಂದ್ರೆ ನಮಗೆ ಒಂದೇ ಕೆಲಸ, ಕಂಪ್ಯೂಟರ್‌ಗೆ ಮೂರು. ಬಟನ್ ಒತ್ತಿದಾಗ ಒಂದು ಸುದ್ದಿ ಹೋಗುತ್ತೆ. ಒತ್ಕೊಂಡೇ ಸರಿಸ್ತಿದ್ರೆ ಇನ್ನೊಂದು ಸುದ್ದಿ, ಮತ್ತೆ ಮತ್ತೆ ಹೋಗ್ತಾನೇ ಇರುತ್ತೆ. ಬಿಟ್ಟಾಗ ಮೂರನೇದು. ಯಾವ ಸುದ್ದಿ ಬಂದಾಗ ಏನ್ ಮಾಡ್ಬೇಕು ಅಂತ ಒಂದೊಂದಕ್ಕೂ ನಾವು ಸಾಲು ಬರೆದಿಡ್ಬೇಕು. ಒತ್ತು, ಹಿಡಿ, ಬಿಡು. ಸಂಹಿತಾ ಮೇಡಂ ಅಪ್ಪನ ಕೈಗೆ ಹೇಳ್ಕೊಡ್ತಿದ್ದಿದ್ದೂ ಇದೇ ಅಲ್ವಾ ಅಂತ ಇವನ ತಲೇಲಿ ಬಲ್ಬ್ ಹತ್ತಿಕೊಳ್ತು.

ಎರಡು ದಿನ ಕೂತು ಆಟ ಬರೆದ. ಎಡಗಡೆ ಒಂದು ಕೆಂಪು ಉಂಡೆ, ಬಲಗಡೆ ಒಂದು ಡಬ್ಬ. ಉಂಡೆ ಮೇಲೆ ಬಟನ್ ಒತ್ತಿ ಹಿಡ್ಕೊಂಡು ಡಬ್ಬದವರೆಗೂ ಎಳೀಬೇಕು. ಒಳಗೆ ಬಿದ್ರೆ ಟಿಂಗ್ ಅನ್ನುತ್ತೆ. ಮಧ್ಯದಲ್ಲಿ ಬಟನ್ ಬಿಟ್ರೆ ಉಂಡೆ ಅಲ್ಲೇ ನಿಲ್ಲುತ್ತೆ.

"ಡ್ಯಾಡಿ, ಇನ್ಮೇಲೆ ಚೆಂಡು ನಿನ್ ಕೈಲಿರಲ್ಲ. ನಿನ್ ಕೈ ಚೆಂಡಲ್ಲಿರುತ್ತೆ."

"ಅದೇನ್ ಅರ್ಥ ಬಂತೋ?"

"ಅರ್ಥ ಇಲ್ಲಪ್ಪ. ಪಂಚ್ ಇದೆ."

ಬಾಲರಾಜ್ ಸ್ಟ್ರೋಕ್ ಆದ್ಮೇಲೆ ಮೊದಲನೇ ಸಲ ನಕ್ರು. ಮೌಸ್ ಮೇಲೆ ಕೈ ಇಟ್ರು. ಒತ್ತಿದ್ರು, ಎಳೆದ್ರು. ಕೈ ನಡುಗಿ ಜರ್ಕ್ ಹೊಡೀತು, ಸ್ಕ್ರೀನ್ ಮೇಲಿನ ಮೌಸ್ ಬಾಣ ಮುಂದಕ್ಕೆ ಹಾರ್ತು, ಉಂಡೆ ಹಿಂದೇನೇ ಉಳೀತು. ಹತ್ತು ಸಲ ಎಳೆದ್ರು, ಹತ್ತು ಸಲಾನೂ ಹಂಗೇ. ಪಂಕಜಾ ನೋಟ್‌ಬುಕ್ಕಲ್ಲಿ ತಾರೀಕು ಹಾಕಿ ಸೊನ್ನೆ ಬರೆದ್ರು.

ಮೂರು ದಿನ ಸೊನ್ನೆ ಆದ್ಮೇಲೆ ಶರತ್‌ಗೆ ಹೊಳೀತು, ತಪ್ಪು ತನ್ನದು ಅಂತ. ಬಾಣ ಉಂಡೆ ಒಳಗೆ ಇದೆಯಾ ಅಂತ ಅವನ ಪ್ರೋಗ್ರಾಂ ಎಳೆಯೋ ಪ್ರತಿ ಹೆಜ್ಜೇಲೂ ಕೇಳ್ತಿತ್ತು. ಜೋರಾಗಿ ಎಳೆದ್ರೆ ಬಾಣ ಉಂಡೆಯಿಂದ ಆಚೆ ಹೋಗುತ್ತೆ, ಪ್ರೋಗ್ರಾಂ "ಒಳಗಿಲ್ಲ" ಅಂತ ಕೈ ಬಿಡುತ್ತೆ. ಕೇಳ್ಬೇಕಾಗಿದ್ದು ಒಂದೇ ಸಲ, ಮೊದಲು ಒತ್ತಿದಾಗ. ಹೊಸದಾಗಿ ಕಲಿಯೋರೆಲ್ಲ ಮಾಡೋ ತಪ್ಪು. ತಿದ್ದಿ ಅಪ್ಪನಿಗೆ ಹೇಳ್ದ.

"ಹಂಗಾದ್ರೆ ತಪ್ಪು ನನ್ ಕೈದಲ್ವಾ?" ಬಾಲರಾಜ್ ಎದ್ದು ಕೂತ್ರು. "ಏಯ್ ಪಂಕಜಾ, ಕೇಳಿಸ್ತಾ? ಕಂಪ್ಯೂಟ್ರಂತೆ ಕಣೆ. ಕೈದಲ್ವಂತೆ."

ಆ ಮುಖಾನ ಶರತ್ ಯಾವತ್ತೂ ಮರೆಯಲ್ಲ. ಕೋರ್ಟಲ್ಲಿ ನಿರಪರಾಧಿ ಅಂತ ತೀರ್ಪು ಬಂದೋನ ಮುಖ.

ತಿದ್ದಿದ ಆಟಾನ ಓಪನ್ ಮಾಡಿ ಕೊಟ್ಟ. ಬಾಲರಾಜ್ ಒತ್ತಿದ್ರು. ಎಳೆದ್ರು. ಈ ಸಲ ಉಂಡೆ ಜೊತೇಲೇ ಬಂತು, ನಾಲ್ಕು ಬೆರಳಷ್ಟು ದೂರ. ಅಲ್ಲಿ ಬೆರಳು ಸಡಿಲ ಆಯ್ತು, ಬಟನ್ ಮೇಲೆ ಬಂತು, ಉಂಡೆ ನಿಂತೋಯ್ತು. ಮತ್ತೆ ಎಳೆದ್ರು, ಮತ್ತೆ ನಿಂತ್ಕೊಳ್ತು. ಹತ್ತೂ ಸಲ ಉಂಡೆ ಸ್ಕ್ರೀನ್ ಮಧ್ಯಾನೇ ನಿಂತ್ಕೊಳ್ತು. ಈಗ ಕಂಪ್ಯೂಟರ್‌ದೇನೂ ತಪ್ಪಿರಲಿಲ್ಲ.

"ಇನ್ನೊಂದ್ ಸಲ ನೋಡೋ, ಇನ್ನೂ ಏನಾದ್ರೂ ತಪ್ಪಿರ್ಬೇಕು" ಅಂದ್ರು ಬಾಲರಾಜ್.

"ನೋಡ್ದೆ ಅಪ್ಪ."

"ಸರಿಯಾಗ್ ನೋಡೋ."

ಇನ್ನೂ ಆರು ದಿನ ಸೊನ್ನೆ. ಏಳನೇ ದಿನ ಬಾಲರಾಜ್ ಎಡಗೈಲಿ ಬಲಗೈನ ಎತ್ತಿ, ಮೌಸಿಂದ ತೆಗೆದು, ತೊಡೆ ಮೇಲಿಟ್ಕೊಂಡ್ರು. ಯಾರ್ದೋ ಮಗೂನ ಎತ್ತಿಟ್ಟಂಗೆ. "ಸಾಕ್ ಬಿಡೋ ಶರತಾ. ಇದು ಬರಲ್ಲ" ಅಂದ್ರು. ಜೋರಾಗೇನೂ ಹೇಳ್ಲಿಲ್ಲ. ಜೋರಾಗ್ ಹೇಳಿದ್ರೆ ಶರತ್ ಏನಾದ್ರೂ ಡೈಲಾಗ್ ಹೊಡೀಬಹುದಿತ್ತು. ಪಂಕಜಾ ನೋಟ್‌ಬುಕ್ ಮುಚ್ಚಿ ಅಡುಗೆಮನೆಗೆ ಹೋದ್ರು. ನಲ್ಲಿ ತಿರುಗಿಸಿದ ಸದ್ದು ಬಂತು, ಪಾತ್ರೆ ಸದ್ದು ಬರಲಿಲ್ಲ.

ಶರತ್ ಅವತ್ತು ಕಾಲೇಜಿಗೆ ಹೋಗ್ಲಿಲ್ಲ. ಲ್ಯಾಪ್‌ಟಾಪ್ ತಗೊಂಡು ಮಹಡಿ ಮೇಲೆ ನೀರಿನ ಟ್ಯಾಂಕ್ ನೆರಳಲ್ಲಿ ಕೂತ. ಬಟನ್ ಬಿಟ್ಟಾಗ ಓಡೋ ಸಾಲು ಅವನ ಪ್ರೋಗ್ರಾಂನಲ್ಲಿ ಒಂದೇ ಇತ್ತು, "ಉಂಡೇನ ಬಿಟ್ಬಿಡು" ಅಂತ. ಅದನ್ನ ಅಳಿಸ್ದ. ಬಟನ್ ಒತ್ತದೇ ಮೌಸನ್ನ ಸುಮ್ನೆ ಸರಿಸಿದ್ರೂ ಒಂದು ಸುದ್ದಿ ಹೋಗುತ್ತೆ. ಎಳೆಯೋವಾಗ ಓಡ್ತಿದ್ದ ಎರಡು ಸಾಲನ್ನ ಕಾಪಿ ಮಾಡಿ ಅಲ್ಲೂ ಅಂಟಿಸ್ದ. ಐದು ನಿಮಿಷ ಹಿಡೀಲಿಲ್ಲ. ಈಗ ಉಂಡೇನ ಒಂದು ಸಲ ಮುಟ್ಟಿದ್ರೆ ಸಾಕು, ಬೆರಳು ಹಿಡಿದ್ರೂ ಒಂದೇ, ಬಿಟ್ರೂ ಒಂದೇ. ಅದು ಬಾಣಕ್ಕೆ ಅಂಟ್ಕೊಂಡು ಡಬ್ಬದವರೆಗೂ ಬರುತ್ತೆ, ಟಿಂಗ್ ಅನ್ನುತ್ತೆ.

ನಾಲ್ಕು ದಿನ ಖುಷಿಯಾಗಿರ್ಲಿ, ಮನಸ್ಸಿಗೆ ಧೈರ್ಯ ಬಂದ್ರೆ ಕೈಗೂ ಬರುತ್ತೆ, ಆಮೇಲೆ ಸದ್ದಿಲ್ಲದೆ ಹಳೇದನ್ನೇ ಹಾಕಿದ್ರಾಯ್ತು. ಇದು ಅವನ ಸ್ಕ್ರೀನ್‌ಪ್ಲೇ.

"ಅಪ್ಪ, ಒಂದ್ ಲಾಸ್ಟ್ ಟೇಕ್. ಡೈರೆಕ್ಟರ್ ಕೇಳ್ತಿದ್ದಾನೆ."

ಬಾಲರಾಜ್ ಬೇಡ ಬೇಡ ಅಂತಲೇ ಕೈ ಇಟ್ರು. ಉಂಡೆ ಹೊರಡ್ತು. ನಾಲ್ಕು ಬೆರಳು ದಾಟ್ತು. ಅರ್ಧ ಸ್ಕ್ರೀನ್ ದಾಟ್ತು. ಅವರ ಬೆರಳು ಮೌಸ್ ಮೇಲೆ ಸಡಿಲವಾಗಿ ಬಿದ್ದಿದ್ದು ಶರತ್‌ಗೆ ಕಾಣ್ತಿತ್ತು. ಅವರು ಬೆರಳು ನೋಡ್ತಿರಲಿಲ್ಲ, ಸ್ಕ್ರೀನ್ ನೋಡ್ತಿದ್ರು. ಟಿಂಗ್.

ಬಾಲರಾಜ್ ಮತ್ತೆ ಎಳೆದ್ರು. ಟಿಂಗ್. ಪಂಕಜಾ ಸೌಟು ಹಿಡ್ಕೊಂಡೇ ಬಾಗಿಲಲ್ಲಿ ಬಂದು ನಿಂತ್ರು. ಅವತ್ತು ನೋಟ್‌ಬುಕ್ಕಲ್ಲಿ ಎಂಟು. ಮಾರನೇ ದಿನ ಹತ್ತು. ಪಂಕಜಾ ರಾಜಾನುಕುಂಟೇಲಿರೋ ತಂಗಿಗೆ ಫೋನ್ ಮಾಡಿ, "ನಮ್ ಶರತ್ ಏನೋ ಕಂಪ್ಯೂಟ್ರಲ್ಲಿ ಬರೆದ ಕಣೆ, ಅವ್ರ ಕೈ ಬಂತು" ಅಂತ ಹೇಳಿ ಫೋನಲ್ಲೇ ಅತ್ರು.

ಇಲ್ಲಿಗೆ ಇಂಟರ್ವಲ್. ಮೊದಲಲ್ಲಿ ಅಷ್ಟೊಂದು ಕೊಚ್ಚಿಕೊಂಡೆನಲ್ಲ, ಸತ್ತ ಕೈಗೆ ಜೀವ ಅಂತ, ಅದರ ಒಳಗಿದ್ದಿದ್ದು ಈ ಐದು ನಿಮಿಷದ ಕೆಲಸ. ಇಷ್ಟಕ್ಕೇ ನಿಂತಿದ್ರೆ ನಾನೂ ಬಾಯಿ ಮುಚ್ಕೊಂಡು ಎದ್ದು ಹೋಗ್ತಿದ್ದೆ.

ಮುಂದಿನ ಬುಧವಾರ ಹೆಬ್ಬಾಳಕ್ಕೆ ಹೊರಡೋ ಹೊತ್ತಿಗೆ ಬಾಲರಾಜ್ ಶರ್ಟೇ ಹಾಕಿರಲಿಲ್ಲ. "ಹತ್ತಕ್ಕೆ ಹತ್ತು ಬರ್ತಿದೆ, ಇನ್ನೇನೋ ಅಲ್ಲಿ? ಬಸ್ಸಲ್ಲಿ ನಿಂತು ಕಾಲು ನೋಯ್ಸ್ಕೊಳ್ಳೋದು" ಅಂದ್ರು.

"ಒಂದ್ ತಿಂಗ್ಳು ಹೋಗೋಣಪ್ಪ. ಸುಮ್ನೆ."

"ಸುಮ್ನೆ ಯಾರಾದ್ರೂ ಹೋಗ್ತಾರೇನೋ?"

ಹೇಳೋಕೆ ಅದು ಸರಿಯಾದ ಜಾಗ ಆಗಿತ್ತು. ಶರತ್ ಬಾಯಿ ತೆರೆದ. ಬಂದಿದ್ದು ಮಾತ್ರ "ಬಾಸ್ ಹೇಳಿದ್ಮೇಲೆ ಅಪೀಲೇ ಇಲ್ಲ" ಅನ್ನೋ ಡೈಲಾಗು. ಬಾಲರಾಜ್ ಎಡಗೈಲಿ ಅವನ ತಲೆಗೆ ಮೊಟಕಿದ್ರು.

ಎರಡು ವಾರ ಕಳೆದ್ಮೇಲೆ ಸಂಹಿತಾ ಮೇಡಂ ಅವನಿಗೇ ಫೋನ್ ಮಾಡಿದ್ರು. "ಅಂಕಲ್ ಯಾಕೆ ಬರ್ತಿಲ್ಲ? ಕೈ ಹೆಂಗಿದೆ?"

"ಸೂಪರ್ ಮೇಡಂ. ಟ್ರೇಲರ್ ಬಿಟ್ಟಿದ್ದೀವಿ, ಪಿಕ್ಚರ್ ಬಾಕಿ ಇದೆ."

"ಶರತ್, ನಾನ್ ತಮಾಷೆ ಮಾಡ್ತಿಲ್ಲ. ಲೋಟ ಹಿಡೀತಾರಾ?"

"ಹಿಡೀತಾರೆ ಮೇಡಂ."

ಲೋಟ ಎಡಗೈಲಿ ಹಿಡೀತಿದ್ರು. ಅದನ್ನ ಹೇಳ್ಲಿಲ್ಲ. ಹಳೇ ಪ್ರೋಗ್ರಾಂ ವಾಪಸ್ ಹಾಕೋಣ ಅಂತ ಎರಡು ಸಲ ಲ್ಯಾಪ್‌ಟಾಪ್ ತೆಗೆದ. ಹಾಕಿದ್ರೆ ಮಾರನೇ ದಿನ ನೋಟ್‌ಬುಕ್ಕಲ್ಲಿ ಮತ್ತೆ ಸೊನ್ನೆ. ಎರಡು ಸಲಾನೂ ಮುಚ್ಚಿಟ್ಟ.

ಆಷಾಢದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಬಾಲರಾಜ್ ಸ್ನಾನ ಮಾಡಿ, ಕುಂಕುಮ ಇಟ್ಕೊಂಡು ಅಂಗಡಿಗೆ ಬಂದ್ರು. ಕತ್ತರಿಗೂ ಕುಂಕುಮ ಇಟ್ರು. ಅಮೀನಾ ಮೆಷಿನ್ ನಿಲ್ಲಿಸಿದ್ಲು.

ಅವತ್ತು ಆರ್.ಟಿ. ನಗರದ ಪ್ರಿಯಂವದಾ ಮೇಡಂ ಬರೋರಿದ್ರು. ಶ್ರಾವಣದಲ್ಲಿ ಅವರ ಮಗಳ ಮದುವೆ. ಧಾರೆ ಸೀರೆ ಬ್ಲೌಸನ್ನ ಬಾಲರಾಜ್ ಬಿಟ್ಟು ಬೇರೆ ಯಾರಿಗೂ ಕೊಡಲ್ಲ ಅಂತ ಮೂರು ತಿಂಗಳು ಕಾದಿದ್ರು. ಸೀರೆ ಜೊತೇಲೇ ನೇಯ್ದಿರೋ ಬ್ಲೌಸ್ ಪೀಸು, ಅದೇ ಬಣ್ಣ, ಅದೇ ಅಂಚು. ಅಂಗಡೀಲಿ ಹುಡುಕಿದ್ರೆ ಇನ್ನೊಂದು ಸಿಗಲ್ಲ.

ಮೇಡಂ ಬಂದ್ರು. ರೇಷ್ಮೆ ಟೇಬಲ್ ಮೇಲೆ ಹರಡ್ತು. ಶರತ್ ಮೂಲೇಲಿ ಗೋಡೆಗೆ ಒರಗಿ ನಿಂತಿದ್ದ.

"ಮಾಸ್ಟ್ರೇ," ಅಮೀನಾ ಮೆಲ್ಲಗೆ ಅಂದ್ಲು, "ಲೈನಿಂಗ್ ಬಟ್ಟೆ ಇದೆ. ಮೊದ್ಲು ಅದನ್ನ ಕತ್ತರಿಸಿ ನೋಡಿ. ಕತ್ತರಿ ಮುಟ್ಟಿ ಮೂರು ತಿಂಗಳಾಯ್ತಲ್ಲ."

"ಮೇಡಂ ಎದುರಿಗೆ ನಾನು ರಿಹರ್ಸಲ್ ಮಾಡ್ಲಾ?"

"ರಿಹರ್ಸಲ್ ಅಲ್ಲ ಮಾಸ್ಟ್ರೇ. ಒಂದೇ ಒಂದ್ ತೋಳು." ಅಮೀನಾ ಶರತ್ ಕಡೆ ತಿರುಗಿದ್ಲು. "ನೀನಾದ್ರೂ ಹೇಳೋ ಮಗಾ. ದಿನಾ ಜೊತೇಲಿರೋನು ನೀನು. ಹಿಡಿತ ಇದೆ ತಾನೇ?"

ಮೂರು ಜನಾನೂ ಅವನನ್ನೇ ನೋಡಿದ್ರು. ಇದೆ ಅಂದ್ರೆ ರೇಷ್ಮೆ ಹೋಗುತ್ತೆ. ಇಲ್ಲ ಅಂದ್ರೆ ಅಪ್ಪ ಅಲ್ಲೇ ಎಲ್ಲರೆದುರು ಸತ್ತೋಗ್ತಾನೆ ಅನ್ನಿಸ್ತು. ಯಾವುದನ್ನೂ ಹೇಳದೇ ಇರೋಕೆ ಅವನಿಗೆ ಗೊತ್ತಿದ್ದ ದಾರಿ ಒಂದೇ.

"ಅಮೀನಕ್ಕ, ಹುಲಿಗೆ ಯಾರಾದ್ರೂ ಹಲ್ಲಿದೆಯಾ ಅಂತ ಕೇಳ್ತಾರಾ?"

ಪ್ರಿಯಂವದಾ ಮೇಡಂ ನಕ್ರು. ಬಾಲರಾಜ್ ಎದೆ ಉಬ್ತು. ಅಮೀನಾ ನಗ್ಲಿಲ್ಲ. ಲೈನಿಂಗ್ ಬಟ್ಟೇನ ಮಡಚಿ ವಾಪಸ್ ಇಟ್ಲು.

ಬಾಲರಾಜ್ ಎಡಗೈಲಿ ಬಟ್ಟೆ ಒತ್ತಿ ಹಿಡಿದು, ಬಲಗೈ ಬೆರಳನ್ನ ಕತ್ತರಿ ಹಿಡಿಯೊಳಗೆ ತೂರಿಸಿದ್ರು. ಮೊದಲ ಕಚ್ಚು ಸರಿಯಾಗೇ ಬಿತ್ತು. ಎರಡನೇದೂ ಬಿತ್ತು. ಅಂಚಿನ ಹತ್ರ ಗೆರೆ ತಿರುಗೋ ಕಡೆ, ಮೂರನೇ ಕಚ್ಚಲ್ಲಿ ಬೆರಳು ಸಡಿಲ ಆಯ್ತು. ಕಟಿಂಗ್ ಕತ್ತರಿ ಅಂದ್ರೆ ಅರ್ಧ ಕೇಜಿಗೂ ಮೇಲೆ ತೂಕ. ಮೂತಿ ವಾಲ್ತು. ಬಾಲರಾಜ್ ಗಾಬರಿಯಾಗಿ, ಬಿದ್ದೋಗ್ತಿದ್ದ ಕೈನ ತೋಳಿಂದ ಮುಂದಕ್ಕೆ ತಳ್ಳಿದ್ರು. ಚರ್ರ್ ಅಂತ ರೇಷ್ಮೆ ಸೀಳ್ತು. ಅಂಚಿಂದ ಬೆನ್ನಿನ ಭಾಗದವರೆಗೂ, ಅಡ್ಡಡ್ಡ.

ಕತ್ತರಿ ನೆಲಕ್ಕೆ ಬಿತ್ತು. ಯಾರೂ ಎತ್ಕೊಳ್ಳಲಿಲ್ಲ.

ಪ್ರಿಯಂವದಾ ಮೇಡಂ ಸೀಳಿದ ಜಾಗಾನ ಬೆರಳಲ್ಲಿ ಒಂದ್ಸಲ ಸವರಿ, "ಹೋಗ್ಲಿ ಬಿಡಿ ಮಾಸ್ಟ್ರೇ. ನೀವ್ ಆರೋಗ್ಯ ನೋಡ್ಕೊಳ್ಳಿ" ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಬಟ್ಟೇನ ಮಡಚಿ ಚೀಲಕ್ಕೆ ಹಾಕೊಂಡು ಮೆಟ್ಟಿಲಿಳಿದು ಹೋದ್ರು.

ಈಗ ಕ್ಲೈಮ್ಯಾಕ್ಸ್. ಶರತ್ ಮುಂದೆ ಬಂದ. ಅಪ್ಪನ ಕಾಲ ಹತ್ರ ಮಂಡಿಯೂರಿದ. "ಅಪ್ಪ, ನಿನ್ ಕೈ ಸುಳ್ಳು ಹೇಳ್ಲಿಲ್ಲ, ನಾನ್ ಹೇಳ್ದೆ. ನೀನ್ ಬಿಟ್ಟಾಗ ಉಂಡೆ ನಿಲ್ಬೇಕಿತ್ತು, ನಿಲ್ದಿರೋ ಹಂಗೆ ಮಾಡ್ದೋನು ನಾನು" ಅಂದ. ಬಾಲರಾಜ್ ತುಟಿ ನಡುಗ್ತು. ಎಡಗೈ ಮೇಲೆದ್ದು, ಹೊಡೆಯುತ್ತೆ ಅಂದ್ಕೊಂಡಿದ್ದು ಮಗನ ತಲೆ ಮೇಲೆ ಇಳೀತು. "ಕೈ ಹೋದ್ರೆ ಹೋಗ್ಲಿ ಕಣೋ, ನನ್ ಬಲಗೈ ನೀನೇ" ಅಂದ್ರು. ಅಪ್ಪ ಮಗ ತಬ್ಕೊಂಡ್ರು, ಅಮೀನಾ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು, ಸೋಮವಾರವೇ ಹೆಬ್ಬಾಳದ ಬಸ್ ಹತ್ತಿದ್ರು.

ಚೆನ್ನಾಗಿದೆ ಅಲ್ವಾ. ಎಷ್ಟು ಸಲ ಹೇಳ್ಕೊಂಡ್ರೂ ಚೆನ್ನಾಗೇ ಇರುತ್ತೆ.

ಇದ್ಯಾವುದೂ ನಡೀಲಿಲ್ಲ ಕಣ್ರೀ. ನಡೆದಿದ್ದು ಹೇಳ್ತೀನಿ.

ಬಾಲರಾಜ್ ಅಮೀನಾ ಸ್ಟೂಲ್ ಮೇಲೆ ಕೂತ್ಕೊಂಡ್ರು. ಬಲಗೈನ ಮುಖದ ಹತ್ರ ತಂದು, ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ ಶರತ್‌ನ ಕೇಳಿದ್ರು.

"ನಿನ್ನೆ ಹತ್ತಕ್ಕೆ ಹತ್ತು ಎಳೆದ್ನಲ್ವೇನೋ?"

"ಹೂಂ."

"ನಾನೇ ಎಳೆದಿದ್ದಲ್ವಾ?"

"ನೀನೇ ಅಪ್ಪ."

ಅಷ್ಟೇ. ಅದಾದ್ಮೇಲೆ ಶರತ್ ಲ್ಯಾಪ್‌ಟಾಪ್ ಎತ್ಕೊಂಡು ಕೆಳಗಿಳಿದು, ಮೆಡಿಕಲ್ ಸ್ಟೋರ್ ಪಕ್ಕ ಗಾಡಿಗಳ ಮಧ್ಯೆ ನಿಂತ್ಕೊಂಡು ಪ್ರೋಗ್ರಾಂನ ಲ್ಯಾಪ್‌ಟಾಪಿಂದ ಅಳಿಸ್ದ. ಹಳೇದು, ಹೊಸದು, ಎರಡೂನೂ. ಮನೇಲಿ ಲ್ಯಾಪ್‌ಟಾಪ್ ಕೆಟ್ಟೋಯ್ತು ಅಂತ ಹೇಳ್ದ.

ಹೆಬ್ಬಾಳಕ್ಕೆ ಮತ್ತೆ ಹೋಗಿದ್ದು ಗಣೇಶನ ಹಬ್ಬ ಎಲ್ಲ ಮುಗಿದ್ಮೇಲೆ, ಅದೂ ಪಂಕಜಾ ಕಾಟ ತಡೀಲಾರದೆ. ಸಂಹಿತಾ ಮೇಡಂ ಬೆರಳನ್ನ ಒಂದೊಂದಾಗಿ ಒತ್ತಿ ನೋಡಿದ್ರು. "ಮಧ್ಯ ಬಿಟ್ಬಿಟ್ರಿ ಅಂಕಲ್" ಅಂದ್ರು. ಇನ್ಮೇಲೆ ಲೋಟ ಹಿಡಿಯೋ ಮಟ್ಟಕ್ಕೆ ಬರಬಹುದು, ಅದೂ ಗ್ಯಾರಂಟಿ ಇಲ್ಲ, ಕತ್ತರಿ ಬಗ್ಗೆ ಯೋಚ್ನೆ ಮಾಡ್ಬೇಡಿ ಅಂತ ಹೇಳಿ ಕಳಿಸಿದ್ರು.

ಈಗ ಅಂಗಡೀಲಿ ಕತ್ತರಿ ಅಮೀನಾ ಹಿಡೀತಾಳೆ. ಬಾಲರಾಜ್ ಎದುರಿಗೆ ಕೂತು ಅಳತೆ ಹೇಳ್ತಾರೆ. ಬಂದೋರಿಗೆಲ್ಲ ಒಂದೇ ಕಥೆ ಹೇಳ್ತಾರೆ. "ಕೈ ಬಂದಿತ್ತು ಮೇಡಂ, ಹತ್ತಕ್ಕೆ ಹತ್ತು. ನಾನೇ ಸೊಕ್ಕಲ್ಲಿ ಹೆಬ್ಬಾಳಕ್ಕೆ ಹೋಗೋದ್ ಬಿಟ್ಟೆ. ಬಂದಿದ್ದನ್ನ ನಾನೇ ಕಳ್ಕೊಂಡೆ. ನನ್ ಮಗ ಪಾಪ, ಹೋಗೋಣ ಹೋಗೋಣ ಅಂತ ಬಡ್ಕೊಂಡ."

ಶರತ್ ಅಲ್ಲೇ ಇರ್ತಾನೆ. ಹುಕ್ಕು ಗುಂಡಿ ಡಬ್ಬ ಎತ್ಕೊಡ್ತಾನೆ. ಹೇಳ್ಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.